ನಾಲ್ಕು ತೂತುಬಿಲ್ಲೆಗಳು

ಜನವರಿ ೯

ಅಣ್ಣಾ,

ಈ ಪತ್ರವನ್ನು ವರ್ಕ್‌ಶಾಪಿನ ವಿಳಾಸಕ್ಕೆ ಹಾಕುತ್ತಿದ್ದೇನೆ, ನಿಮ್ಮ ರೂಮಿಗಲ್ಲ. ನೀನೂ ಅವರೂ ಒಂದೇ ರೂಮಿನಲ್ಲಿರುವಾಗ ಫೋನಿನಲ್ಲಿ ನಾನು ಏನು ಕೇಳಿದರೂ "ಹೂಂ, ಎಲ್ಲ ಚೆನ್ನಾಗಿದೆ, ಮಗು ಏನ್ಮಾಡ್ತಿದೆ" ಅಂತ ಹೇಳಿ ಇಟ್ಟುಬಿಡುತ್ತೀಯ. ಹಿಂದಿನಿಂದ ಅವರು ನಗುವುದು ಕೇಳಿಸುತ್ತದೆ. ನನ್ನ ಗಂಡನ ರೇಸ್ ಬೈಕಿನ ಎಂಜಿನ್ ಕಟ್ಟುವವನು ನನ್ನ ಸ್ವಂತ ಅಣ್ಣ. ಆದರೂ ನನಗೆ ಏನೂ ಗೊತ್ತಾಗುವುದಿಲ್ಲ ಅಂದರೆ ಯಾರಿಗೆ ಹೇಳಿಕೊಳ್ಳಲಿ?

ಸೋಮವಾರ ಹೊರಡುವಾಗ ಬೂಟಿನ ದಾರ ಕಟ್ಟಿಕೊಳ್ಳುತ್ತ, ತಲೆ ಎತ್ತದೆ ಹೇಳಿದರು:

"ಈ ಸಲ ಆರುನೂರು."

"ಆರುನೂರು ಏನು?" ಅಂದೆ.

"ಕ್ಲಾಸು. ಮುನ್ನೂರು ಸಿಸಿ ಸಾಕಾಯ್ತು. ತಂಡದ ಮಾಲೀಕರು ಆರುನೂರು ಕೊಡ್ತಿದಾರೆ."

ಅತ್ತೆ ಒಳಗಿನಿಂದ, "ಅಯ್ಯೋ, ಅಷ್ಟು ದೂರ ಹೋಗ್ಬೇಕೇನೋ?" ಅಂದರು. ಅವರಿಗೆ ಅದು ಕಿಲೋಮೀಟರ್. ನಾವಿಬ್ಬರೂ ನಕ್ಕೆವು. ನಕ್ಕಿದ್ದೇ ತಪ್ಪಾಯಿತು, ಆಮೇಲೆ ಜಗಳ ಮಾಡಲು ಬಾಯಿ ಬರಲಿಲ್ಲ.

ಎಷ್ಟು ದೊಡ್ಡದು ಅಂತ ಕೇಳಿದೆ. ನನ್ನ ಕೈಯಲ್ಲಿದ್ದ ಮಗುವಿನ ಹಾಲಿನ ಬಾಟಲಿ ತೆಗೆದುಕೊಂಡು ನೂರೈವತ್ತರ ಗೆರೆಯ ಮೇಲೆ ಉಗುರಿಟ್ಟು ತೋರಿಸಿದರು. "ಮುನ್ನೂರರಲ್ಲಿ ಇಷ್ಟಿಷ್ಟರದ್ದು ಎರಡು ಸಿಲಿಂಡರ್. ಆರುನೂರರಲ್ಲಿ ಇಷ್ಟಿಷ್ಟರದ್ದೇ ನಾಲ್ಕು. ಅಷ್ಟೇ ಕಣೆ. ನಿನ್ನ ಮಗಳು ಒಂದೇ ಸಲಕ್ಕೆ ಒಂದು ಸಿಲಿಂಡರ್ ಕುಡೀತಾಳೆ." ಮಗುವಿನ ನೆತ್ತಿಗೆ ಮುತ್ತಿಟ್ಟು ಮೆಟ್ಟಿಲಿಳಿದರು.

ಅಣ್ಣ, ನಾನು ದಿನಕ್ಕೆ ಏಳು ಸಲ ಆ ಬಾಟಲಿಯನ್ನು ತೊಳೆಯುತ್ತೇನೆ. ಏಳು ಸಲವೂ ಆ ಗೆರೆ ಕಾಣುತ್ತದೆ. ಮಗು ಏಳು ತಿಂಗಳಿಗೇ ರಾತ್ರಿಯಿಡೀ ಮಲಗಲು ಕಲಿತಿದೆ, ನಾನು ಮರೆತಿದ್ದೇನೆ. ನಿಜ ಹೇಳು. ಸಿಲಿಂಡರ್ ಅನ್ನುವ ಲೋಟ ಅದೇ ಆದರೆ, ಎರಡರ ಬದಲು ನಾಲ್ಕಾದರೆ, ಶಕ್ತಿಯೂ ಎರಡರಷ್ಟೇ ತಾನೆ? ಎರಡರಷ್ಟು ಅಂದರೆ ಹೇಗೋ ಮನಸ್ಸಿಗೆ ಹೇಳಿಕೊಳ್ಳುತ್ತೇನೆ.

ನಿನ್ನ
ಪುಟ್ಟಿ


ಜನವರಿ ೧೫

ಪುಟ್ಟಿ,

ಗುಬ್ಬಿ ಹೇಳಿದ್ದು ಸುಳ್ಳಲ್ಲ, ಅರ್ಧ ನಿಜ. (ನಿನ್ನ ಗಂಡನನ್ನು ಗುಬ್ಬಿ ಅಂದೆ ಅಂತ ಸಿಟ್ಟಾಗಬೇಡ. ಇಲ್ಲಿ ಅವನ ತೂಕಕ್ಕೆ ಎಲ್ಲರೂ ಇಟ್ಟ ಹೆಸರು ಅದೇ. ಭಾವ ಅಂತ ಕರೆದರೆ ತಿರುಗಿ ಕೂಡ ನೋಡುವುದಿಲ್ಲ.)

ಮುನ್ನೂರರದ್ದು ನಲವತ್ತು ಕುದುರೆಯ ಶಕ್ತಿ. ಎರಡರಷ್ಟಾದರೆ ಎಂಬತ್ತಾಗಬೇಕು. ಆಗುವುದಿಲ್ಲ. ಆರುನೂರರದ್ದು ನೂರಹದಿನೆಂಟು, ಹತ್ತಿರ ಹತ್ತಿರ ಮೂರರಷ್ಟು. ಯಾಕೆಂದರೆ ಲೋಟದ ಅಳತೆ ಒಂದೇ ಲೆಕ್ಕಕ್ಕೆ ಬರುವುದಿಲ್ಲ. ನಿಮಿಷಕ್ಕೆ ಎಷ್ಟು ಸಲ ತುಂಬಿ ಖಾಲಿಯಾಗುತ್ತದೆ, ಎಷ್ಟು ಸಲೀಸಾಗಿ ಉಸಿರಾಡುತ್ತದೆ ಅನ್ನುವುದೂ ಬರುತ್ತದೆ. ಮುನ್ನೂರು ನಿಮಿಷಕ್ಕೆ ಹದಿಮೂರು ಸಾವಿರ ಸುತ್ತು ತಿರುಗಿದರೆ ಸುಸ್ತು. ಆರುನೂರು ಹದಿನಾರು ಸಾವಿರ ತಿರುಗುತ್ತದೆ, ಬಾಯಿಯೂ ಅಗಲ.

ಹೊರಗಿನಿಂದ ನೋಡಿದರೆ ನಿನಗೆ ಎರಡಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ತೂಕ ಇಪ್ಪತ್ತು ಕಿಲೋ ಹೆಚ್ಚು, ಅಷ್ಟೇ. ನಮ್ಮ ಶೆಡ್ಡಿನ ಮೂಲೆಯಲ್ಲಿ ಇನ್ನೊಂದಿದೆ, ಸಾವಿರ ಸಿಸಿಯದು. ಸಿಲಿಂಡರ್ ಅದಕ್ಕೂ ನಾಲ್ಕೇ, ಆದರೆ ಒಂದೊಂದೂ ಇನ್ನೂರೈವತ್ತು. ಇನ್ನೂರು ಕುದುರೆ. ಅದನ್ನು ಓಡಿಸುವವನು ನಮ್ಮ ಸೀನಿಯರ್ ರೈಡರ್, ಹನ್ನೆರಡು ವರ್ಷದ ಅನುಭವ. ಅದರ ಸುದ್ದಿ ನಮಗೆ ಬೇಡ.

ಆರುನೂರಕ್ಕೆ ಹೊಸಬರು ಬಂದೇ ಬರುತ್ತಾರೆ, ಕಲಿಯುತ್ತಾರೆ. ರಸ್ತೆಯಲ್ಲಿ ಓಡಿಸುವ ಹೊಸಬರಿಗಾದರೆ ಗಾಳಿ ಹೋಗುವ ದಾರಿಗೆ ನಡುವೆ ತೂತಿರುವ ಬಿಲ್ಲೆ ಹಾಕಿ ಶಕ್ತಿ ಇಳಿಸಿ ಕೊಡುತ್ತಾರೆ, ವಾಷರ್ ಇದ್ದ ಹಾಗೆ. ರೇಸಿನಲ್ಲಿ ಅದೆಲ್ಲ ಇಲ್ಲ. ಎಂಜಿನ್ ನಾನೇ ಬಿಚ್ಚಿ ಕಟ್ಟುತ್ತಿದ್ದೇನೆ. ಒಂದು ಬೋಲ್ಟನ್ನೂ ಬೇರೆಯವರ ಕೈಗೆ ಕೊಟ್ಟಿಲ್ಲ. ಧೈರ್ಯವಾಗಿರು. ಊಟ ಮಾಡು.

ಅಣ್ಣ


ಜನವರಿ ೨೦

ಅಣ್ಣಾ,

ನಿನ್ನ ಪತ್ರ ಬಂದಾಗಿನಿಂದ ಧೈರ್ಯವಾಗಿರುವುದೊಂದನ್ನು ಬಿಟ್ಟು ಬೇರೆಲ್ಲ ಮಾಡಿದ್ದೇನೆ.

ಬಿಎಸ್ಸಿಯಲ್ಲಿ ಭೌತಶಾಸ್ತ್ರ ಓದಿದ್ದು ಯಾವತ್ತೂ ಉಪಯೋಗಕ್ಕೆ ಬಂದಿರಲಿಲ್ಲ, ಈಗ ಬಂತು. ಮಗುವಿನ ಲಸಿಕೆಯ ಪುಸ್ತಕದ ಕೊನೆಯ ಹಾಳೆಯಲ್ಲಿ ಲೆಕ್ಕ ಹಾಕಿದೆ. ಮುನ್ನೂರರಲ್ಲಿ ಅವರು ಗಂಟೆಗೆ ನೂರೆಂಬತ್ತು ಕಿಲೋಮೀಟರ್ ಹೋಗುತ್ತಾರೆ ಅಂತ ಹೋದ ವರ್ಷ ಹೇಳಿದ್ದರು. ಅಂದರೆ ಸೆಕೆಂಡಿಗೆ ಐವತ್ತು ಮೀಟರ್. ಆರುನೂರರಲ್ಲಿ ಇನ್ನೂರನಲವತ್ತು ಅಂದುಕೊಂಡರೂ ಅರವತ್ತಾರು ಮೀಟರ್. ನಮ್ಮ ಮನೆ ಮುಂಬಾಗಿಲಿನಿಂದ ಅಡುಗೆಮನೆಯ ಕಿಟಕಿಗೆ ಒಂಬತ್ತು ಮೀಟರ್, ಟೇಪು ಹಿಡಿದು ಅಳೆದೆ. ಅವರು ಒಂದು ಸಲ ಕಣ್ಣು ಮಿಟುಕಿಸುವಷ್ಟರಲ್ಲಿ ಈ ಮನೆಯ ಎರಡರಷ್ಟು ದೂರ ದಾಟಿರುತ್ತಾರೆ, ಏನೂ ನೋಡದೆ. ಅತ್ತೆ ನಾನು ನೆಲದ ಮೇಲೆ ಟೇಪು ಹಾಸುವುದನ್ನು ನೋಡಿ ಜಮಖಾನ ತರುತ್ತೇನೆ ಅಂದುಕೊಂಡರು. "ಈ ಮನೆಗೆ ಯಾಕೆ ಸುಮ್ನೆ, ಬಾಡಿಗೆ ಮನೆ" ಅಂದರು.

ಅತ್ತೆಗೆ ಲೆಕ್ಕ ಹೇಳಿದೆ. ಹೇಳದೆ ಇರಲಾಗಲಿಲ್ಲ. "ಬೈಕಂದ್ರೆ ಬೈಕು, ಅದರಲ್ಲೇನೇ ಮುನ್ನೂರು ಆರುನೂರು? ಅವನು ಮೂರು ಚಕ್ರದ ಸೈಕಲ್ಲಿಂದ್ಲೂ ಬಿದ್ದವನು. ಬೀಳೋನಿಗೆ ಎಲ್ಲಾದ್ರೂ ಒಂದೇ" ಅಂದರು. ಹಾಗೆ ಹೇಳಿ, ಬಟ್ಟೆ ಮಡಿಸುತ್ತಿದ್ದವರು ಒಂದೇ ಟವಲನ್ನು ಮೂರು ಸಲ ಬಿಚ್ಚಿ ಮಡಿಸಿದರು.

ಈಗ ಕೇಳು. ನಗಬೇಡ. ನೀನು ಬರೆದ ಆ ತೂತಿನ ಬಿಲ್ಲೆ ಇದೆಯಲ್ಲ, ಅದನ್ನು ಅವರ ಎಂಜಿನ್ನಿಗೆ ಹಾಕು.

ಎಂಜಿನ್ ಕಟ್ಟುತ್ತಿರುವವನು ನೀನೊಬ್ಬನೇ ಅಂತ ನೀನೇ ಬರೆದಿದ್ದೀಯ. ಅವರು ಇದುವರೆಗೆ ಆರುನೂರನ್ನು ಒಮ್ಮೆಯೂ ಓಡಿಸಿಲ್ಲ. ಇಷ್ಟೇ ಇರುತ್ತದೆ ಅಂದುಕೊಳ್ಳುತ್ತಾರೆ. ಒಂದು ವರ್ಷ, ಮಗು ನಡೆಯುವವರೆಗೆ. ನಿಯಮದಲ್ಲಿ ಶಕ್ತಿ ಹೆಚ್ಚಿಸಬಾರದು ಅಂತ ತಾನೆ ಇರುವುದು? ಇಳಿಸಬಾರದು ಅಂತ ಯಾರೂ ಬರೆದಿರಲಾರರು. ಅಂಥ ಹುಚ್ಚು ಯಾರಿಗೆ ಇರುತ್ತದೆ?

ಅವರನ್ನು ನಮ್ಮ ಮನೆಗೆ ಕರೆದುಕೊಂಡು ಬಂದವನು ನೀನು. "ಇವನ ಕೈ ನೋಡು, ಒಂದು ಸಲಾನೂ ನಡುಗಲ್ಲ" ಅಂತ ಹೇಳಿದವನು ನೀನು. ನನ್ನ ಕೈ ನಡುಗುತ್ತದೆ ಅಣ್ಣ. ಈ ಅಕ್ಷರ ನೋಡಿದರೇ ಗೊತ್ತಾಗುತ್ತದೆ.

ಪುಟ್ಟಿ


ಫೆಬ್ರುವರಿ ೬

ಪುಟ್ಟಿ,

ಹಾಕಿದ್ದೇನೆ. ನಾಲ್ಕು ಸಿಲಿಂಡರಿಗೆ ನಾಲ್ಕು. ಲೇತಿನಲ್ಲಿ ನಾನೇ ಕಡೆದೆ, ಊಟಕ್ಕೆ ಎಲ್ಲರೂ ಹೋದಾಗ.

ಶಕ್ತಿ ಅಳೆಯುವ ಯಂತ್ರದ ಉರುಳೆಯ ಮೇಲೆ ಗಾಡಿ ಹತ್ತಿಸಿ ನೋಡಿದೆ. ತೊಂಬತ್ತಾರು ಬಂತು. ಆ ಕಾಗದ ಹರಿದುಹಾಕಿ, ಹೋದ ವರ್ಷದ ಇನ್ನೊಂದು ಗಾಡಿಯ ಕಾಗದ ಫೈಲಿಗೆ ಸೇರಿಸಿದೆ. ಗುಬ್ಬಿ ನೋಡಿ, "ನೂರಹದಿನೆಂಟಾ! ಪರವಾಗಿಲ್ಲ ಕಣೋ ನೀನು" ಅಂತ ಬೆನ್ನು ತಟ್ಟಿದ.

ಇದರ ಬಗ್ಗೆ ಇನ್ನು ಪತ್ರ ಬರೆಯಬೇಡ.

ಅಣ್ಣ


ಫೆಬ್ರುವರಿ ೨೭

ಅಣ್ಣಾ,

ಬರೆಯಬೇಡ ಅಂದಿದ್ದೀಯ. ಒಂದೇ ಸಾಲು ಅಂತ ಕೂತಿದ್ದೇನೆ: ನಿದ್ದೆ ಬಂತು.

ಎಂಟು ತಿಂಗಳಾದ ಮೇಲೆ ಮೊದಲ ಸಲ. ಮಧ್ಯಾಹ್ನ ಮಗುವಿನ ಪಕ್ಕದಲ್ಲಿ ಒರಗಿದವಳು ಸಂಜೆ ಆರಕ್ಕೆ ಎದ್ದೆ. ಅತ್ತೆ ಹೇಳುತ್ತಾರೆ: "ಏನೇ ಇದು, ಮೂಗಿನ ಹತ್ರ ಕೈ ಇಟ್ಟು ನೋಡ್ದೆ, ಉಸಿರಿದ್ಯಾ ಇಲ್ವಾ ಅಂತ."

ಭಾನುವಾರ ಅವರು ಫೋನು ಮಾಡಿದ್ದರು. ಮೊದಲ ರೇಸಿನಲ್ಲಿ ಹನ್ನೊಂದನೆಯ ಸ್ಥಾನವಂತೆ. "ನೇರ ರಸ್ತೇಲಿ ಎಲ್ಲರೂ ನನ್ನನ್ನ ನಿಂತಿರೋ ಬಸ್ ದಾಟೋ ಹಾಗೆ ದಾಟ್ಕೊಂಡು ಹೋಗ್ತಾರೆ ಕಣೆ. ನಿಮ್ಮಣ್ಣ ಎಂಜಿನ್ ಕಟ್ಟಿದಾನೋ ಹಿಟ್ಟಿನ ಗಿರಣಿ ಕಟ್ಟಿದಾನೋ ಗೊತ್ತಿಲ್ಲ" ಅಂದರು. ನಾನು ಅಯ್ಯೋ ಪಾಪ ಅಂದೆ. ಒಳಗೊಳಗೇ ಎಷ್ಟು ಸಂತೋಷವಾಯಿತು ಅಂದರೆ ಫೋನನ್ನು ದೂರ ಹಿಡಿದೆ, ದನಿಯಲ್ಲಿ ತಿಳಿದೀತು ಅಂತ.

"ಇರ್ಲಿ ಬಿಡು. ನೇರದಲ್ಲಿ ಕಳ್ಕೊಂಡಿದ್ದನ್ನ ತಿರುವಲ್ಲಿ ವಾಪಸ್ ತಗೋತೀನಿ" ಅಂದರು. ಹಾಗಂದರೆ ಏನು ಅಣ್ಣ? ಆಗ ನಕ್ಕುಬಿಟ್ಟೆ. ಆಮೇಲೆ ಪಾತ್ರೆ ತೊಳೆಯುವಾಗ ಅದೇ ಮಾತು ತಲೆಯಲ್ಲಿ ತಿರುಗುತ್ತಿತ್ತು.

ಪುಟ್ಟಿ


ಮಾರ್ಚ್ ೧೯

ಅಣ್ಣಾ,

ಹೋದ ಪತ್ರಕ್ಕೆ ಉತ್ತರವಿಲ್ಲ.

ಹೋದ ಭಾನುವಾರ ಅವರು ವಿಡಿಯೋ ಕರೆ ಮಾಡಿದರು. ಮುಖ ಮಾತ್ರ ಕಾಣುವ ಹಾಗೆ ಹಿಡಿದಿದ್ದರು, ಗದ್ದದ ಕೆಳಗೆ ಏನೂ ಇಲ್ಲ. ಮಗು ಅವರನ್ನು ನೋಡಿ ಚಪ್ಪಾಳೆ ತಟ್ಟಿತು, ಹೊಸದಾಗಿ ಕಲಿತಿದೆ. ಯಾವಾಗಲೂ ಅವರೂ ಫೋನನ್ನು ಎಲ್ಲಾದರೂ ಆನಿಸಿಟ್ಟು ತಟ್ಟುತ್ತಾರೆ. ಈ ಸಲ ನಾಲಿಗೆಯಲ್ಲಿ ಟಕ್ ಟಕ್ ಅಂತ ಸದ್ದು ಮಾಡಿದರು.

"ಬಲಗೈ ಎಲ್ಲಿ?" ಅಂದೆ.

"ಚಹಾ ಲೋಟ ಹಿಡ್ಕೊಂಡಿದೆ."

"ಲೋಟ ತೋರ್ಸಿ."

"ನೆಟ್‌ವರ್ಕ್ ಸರಿಯಿಲ್ಲ ಕಣೆ" ಅಂದರು. ಕರೆ ನಿಂತಿತು. ಚಿತ್ರ ಕನ್ನಡಿಯಷ್ಟು ಸ್ಪಷ್ಟವಾಗಿತ್ತು.

ಅವತ್ತಿನಿಂದ ಮತ್ತೆ ನಿದ್ದೆಯಿಲ್ಲ. ಕಣ್ಣು ಮುಚ್ಚಿದರೆ ಆ ಕೈ ಇಲ್ಲದ ಚಿತ್ರ. ಅಣ್ಣ, ನೀನು ಏನು ಬರೆದರೂ ನಾನು ಈಗ ಕಲ್ಪಿಸಿಕೊಳ್ಳುತ್ತಿರುವುದಕ್ಕಿಂತ ಕೆಟ್ಟದಾಗಿರಲು ಸಾಧ್ಯವಿಲ್ಲ. ಬರೆ.

ಪುಟ್ಟಿ


ಮಾರ್ಚ್ ೨೪

ಪುಟ್ಟಿ,

ಕೈ ಇದೆ. ಕೈಗೆ ಏನೂ ಆಗಿಲ್ಲ. ಬಲಗಡೆ ಕಾಲರ್ ಬೋನಿನಲ್ಲಿ ಕೂದಲೆಳೆಯಷ್ಟು ಬಿರುಕು. ಪಟ್ಟಿ ಕಟ್ಟಿದ್ದಾರೆ. ಮೂರು ವಾರ ಅಂದಿದ್ದಾರೆ ಡಾಕ್ಟರು. ಹನ್ನೆರಡನೆಯ ತಾರೀಕು ಬಿದ್ದ. ನಿನಗೆ ಹೇಳಬಾರದು ಅಂತ ನನ್ನಿಂದ ಆಣೆ ಹಾಕಿಸಿಕೊಂಡಿದ್ದ. ಈಗ ಅದನ್ನೂ ಮುರಿದೆ.

ಹೇಗೆ ಬಿದ್ದ ಅನ್ನುವುದನ್ನು ನಿನಗೆ ಹೇಳಲೇಬೇಕು, ಯಾಕೆಂದರೆ ಅವನನ್ನು ಬೀಳಿಸಿದ್ದು ನಾವು.

ಇಲ್ಲಿ ದೊಡ್ಡ ನೇರ ರಸ್ತೆ ಮುಗಿದ ಕಡೆ ಬಲಕ್ಕೆ ತಿರುವಿದೆ. ಅದಕ್ಕೆ ಮುಂಚೆ ದೂರ ತೋರಿಸುವ ಫಲಕಗಳಿವೆ: ಇನ್ನೂರು, ನೂರೈವತ್ತು, ನೂರು. ಆರುನೂರು ಓಡಿಸುವವರೆಲ್ಲ ಇನ್ನೂರು ದಾಟಿ ಸ್ವಲ್ಪಕ್ಕೇ ಬ್ರೇಕ್ ಹಿಡಿಯುತ್ತಾರೆ. ಗುಬ್ಬಿ ನೂರೈವತ್ತು ದಾಟಿದ ಮೇಲೆ ಹಿಡಿಯುತ್ತಾನೆ. ಮೊದಲು ನನಗೆ ಹುಚ್ಚು ಅನ್ನಿಸಿತು. ಆಮೇಲೆ ಅರ್ಥವಾಯಿತು. ಅವನ ಗಾಡಿ ಆ ಫಲಕಕ್ಕೆ ಬರುವಾಗಲೇ ಉಳಿದವರಿಗಿಂತ ನಿಧಾನ. ನೇರದಲ್ಲಿ ಕಳೆದುಕೊಂಡದ್ದನ್ನು ತಡವಾಗಿ ಬ್ರೇಕ್ ಹಿಡಿದು, ತಿರುವಿನಲ್ಲಿ ಮೊಣಕೈ ನೆಲಕ್ಕೆ ತಾಗುವಷ್ಟು ಬಾಗಿ ವಾಪಸ್ ಪಡೆಯುತ್ತಾನೆ. ಪ್ರತಿ ಸುತ್ತಿನಲ್ಲೂ, ಪ್ರತಿ ತಿರುವಿನಲ್ಲೂ. ಉಳಿದವರು ಎಂಟಾಣೆ ಜೀವ ಪಣಕ್ಕಿಡುವ ಕಡೆ ಅವನು ಹದಿನಾರಾಣೆ ಇಡುತ್ತಿದ್ದಾನೆ. ಹನ್ನೆರಡರಂದು ಹಾಗೆ ಬಾಗಿದಾಗಲೇ ಮುಂದಿನ ಚಕ್ರ ಜಾರಿತು.

ನಾವು ಅವನ ವೇಗ ಕಡಿಮೆ ಮಾಡಲಿಲ್ಲ ಪುಟ್ಟಿ. ವೇಗದ ಜಾಗ ಬದಲಾಯಿಸಿದೆವು. ನೇರದಲ್ಲಿ ಇರಬೇಕಾದದ್ದನ್ನು ತಿರುವಿಗೆ ತಂದಿಟ್ಟೆವು.

ಬಿದ್ದ ಸಂಜೆಯೇ ಬಿಲ್ಲೆ ತೆಗೆದುಬಿಡೋಣ ಅಂತ ಸ್ಪ್ಯಾನರ್ ಕೈಗೆ ತೆಗೆದುಕೊಂಡೆ. ಅಲ್ಲೇ ಕೂತುಬಿಟ್ಟೆ. ತೆಗೆದರೆ ಇಪ್ಪತ್ತೆರಡು ಕುದುರೆ ಒಮ್ಮೆಗೇ ಹೆಚ್ಚಾಗುತ್ತದೆ. ಅವನಿಗೆ ಗೊತ್ತಿಲ್ಲದೆ ಅದೇ ಫಲಕದ ಹತ್ತಿರ ಬ್ರೇಕ್ ಹಿಡಿದರೆ ಗಾಡಿ ನಿಲ್ಲುವುದಿಲ್ಲ. ಇಟ್ಟರೂ ಅಪಾಯ, ಹೇಳದೆ ತೆಗೆದರೆ ಇನ್ನೂ ಅಪಾಯ. ಹೇಳಿಯೇ ತೆಗೆಯಬೇಕು.

ಹೇಳಲಾ?

ಅಣ್ಣ


ಮಾರ್ಚ್ ೨೮

ಅಣ್ಣಾ,

ಬೇಡ. ಕೈ ಮುಗಿಯುತ್ತೇನೆ.

ಮದುವೆಯಾದ ಹೊಸತರಲ್ಲಿ ಅವರು ಒಂದು ಮಾತು ಹೇಳಿದ್ದರು. ನಾನು ಅವರ ಅಂಗಿಗೆ ಇಸ್ತ್ರಿ ಹಾಕುವಾಗ ಸುಟ್ಟು, ತಪ್ಪನ್ನು ನೆರೆಮನೆಯವರ ಮೇಲೆ ಹಾಕಿದ್ದೆ. ಗೊತ್ತಾಗಿ ನಕ್ಕರು. ಆಮೇಲೆ ನಗು ನಿಲ್ಲಿಸಿ, "ನೀನು ಏನು ಸುಳ್ಳು ಹೇಳಿದ್ರೂ ಪರವಾಗಿಲ್ಲ. ಗಾಡಿ ವಿಷಯದಲ್ಲಿ ಮಾತ್ರ ಬೇಡ. ಮೇಲೆ ಕೂತಿರೋನಿಗೆ ಕೆಳಗಿರೋದು ಏನೂಂತ ಗೊತ್ತಿರ್ಬೇಕು" ಅಂದರು.

ಅವರಿಗೆ ತಿಳಿದರೆ ನಿನ್ನ ಮುಖ ನೋಡುವುದಿಲ್ಲ. ನನ್ನ ಮುಖ ನೋಡುತ್ತಾರೆ, ಆದರೆ ಅತಿಥಿಯನ್ನು ನೋಡುವ ಹಾಗೆ. ನನಗೆ ಅದೂ ಹೆದರಿಕೆ. ಹೀಗೆ ಬರೆಯಲು ನಾಚಿಕೆಯಾಗುತ್ತದೆ, ಅವರ ಎಲುಬು ಮುರಿದಿರುವಾಗ ನಾನು ನನ್ನ ಮರ್ಯಾದೆಗೆ ಹೆದರುತ್ತಿದ್ದೇನೆ ಅಂತ. ಆದರೆ ನಿಜ ಅದೇ.

ಮೂರು ವಾರ ಹೇಗೂ ಓಡಿಸುವುದಿಲ್ಲ ತಾನೆ. ಅಷ್ಟರಲ್ಲಿ ಏನಾದರೂ ದಾರಿ ಹೊಳೆಯುತ್ತದೆ. ಎಲುಬು ನಿಧಾನವಾಗಿ ಕೂಡಲಿ ಅಂತ ಬೇಡಿಕೊಳ್ಳುವ ಹೆಂಡತಿ ಎಲ್ಲಾದರೂ ಇದ್ದಾಳೆಯೆ? ಇಲ್ಲಿದ್ದಾಳೆ.

ಪುಟ್ಟಿ


ಏಪ್ರಿಲ್ ೧೧

ಪುಟ್ಟಿ,

ಇದನ್ನು ಟೈರ್ ತರುವ ಗಾಡಿಯ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ. ನಿಮ್ಮ ಊರಿನ ಗೋದಾಮಿನಿಂದ ಸರಕು ತುಂಬಿಕೊಂಡು ಮಂಗಳವಾರ ಬೆಳಿಗ್ಗೆ ವಾಪಸ್ ಹೊರಡುತ್ತಾನೆ. ಅಷ್ಟರೊಳಗೆ ನೀನು ನಿರ್ಧಾರ ಮಾಡಬೇಕು.

ನಮ್ಮ ಸೀನಿಯರ್ ರೈಡರ್ ಬೇರೆ ತಂಡಕ್ಕೆ ಹೋದ. ಸಾವಿರ ಸಿಸಿ ಗಾಡಿ ಖಾಲಿ ನಿಂತಿದೆ. ಮಾಲೀಕರು ಗುಬ್ಬಿ ಬೀಳುವುದಕ್ಕೆ ಮುಂಚಿನ ಸುತ್ತುಗಳ ಸಮಯದ ಪಟ್ಟಿ ಹಿಡಿದು ಬಂದರು. "ತಿರುವಲ್ಲಿ ನಿನ್ನಷ್ಟು ವೇಗ ಇಡೀ ಕ್ಲಾಸಲ್ಲಿ ಯಾರೂ ಇಲ್ಲ. ನೇರದಲ್ಲಷ್ಟೇ ಸೋಲ್ತಿದೀಯ. ನಿನಗೆ ಆರುನೂರು ಚಿಕ್ಕದಾಯ್ತು" ಅಂದರು.

ಗುಬ್ಬಿ ನನ್ನ ಕಡೆ ತಿರುಗಿ ಏನು ಹೇಳಿದ ಗೊತ್ತೆ? "ಮುನ್ನೂರಿಂದ ಬಂದಾಗ ನಂಗೂ ಭಯ ಇತ್ತು ಕಣೋ, ಮೂರರಷ್ಟು ಶಕ್ತಿ ಅಂತ. ಕೂತು ನೋಡಿದ್ರೆ ಅಷ್ಟೇನಿಲ್ಲ. ನೂರಹದಿನೆಂಟು ಅಂದ್ರೆ ಇಷ್ಟೇ ಆದ್ರೆ, ಇನ್ನೂರು ಎಷ್ಟು ಮಹಾ?"

ಅವನು ಕೂತಿದ್ದು ನೂರಹದಿನೆಂಟರ ಮೇಲಲ್ಲ, ತೊಂಬತ್ತಾರರ ಮೇಲೆ. ತಪ್ಪು ಅಳತೆಗೋಲು ಕೈಗೆ ಕೊಟ್ಟು ಕಳಿಸಿದ್ದೇವೆ, ಅದರಲ್ಲಿ ಅವನು ಸಾವಿರವನ್ನು ಅಳೆಯುತ್ತಿದ್ದಾನೆ. ಇನ್ನೊಂದು: ತಿರುವಿನಿಂದ ಹೊರಗೆ ಬರುವಾಗ ಆಕ್ಸಿಲರೇಟರನ್ನು ಕೊನೆಯವರೆಗೆ ತಿರುಗಿಸುವುದು ಅವನ ಕೈಗೆ ಅಭ್ಯಾಸವಾಗಿದೆ, ಉಸಿರು ಕಟ್ಟಿದ ಎಂಜಿನ್ ಅಷ್ಟನ್ನು ಸಹಿಸುತ್ತದೆ. ಸಾವಿರದಲ್ಲಿ ಹಾಗೆ ಮಾಡಿದರೆ ಹಿಂದಿನ ಚಕ್ರ ಜಾರಿ, ಮತ್ತೆ ನೆಲ ಕಚ್ಚಿ, ಮೇಲೆ ಕೂತವನನ್ನು ಗಾಳಿಗೆ ಎಸೆಯುತ್ತದೆ. ನಾನು ಎರಡು ಸಲ ನೋಡಿದ್ದೇನೆ. ಆ ಇಬ್ಬರಲ್ಲಿ ಒಬ್ಬ ಈಗಲೂ ನಡೆಯುತ್ತಾನೆ.

ಡಾಕ್ಟರು ಓಡಿಸಬಹುದು ಅಂದಿದ್ದಾರೆ. ಗುರುವಾರ ಸಾವಿರದ ಮೇಲೆ ಅವನ ಪರೀಕ್ಷೆ.

ನಾನು ನಿನ್ನೆ ಹೇಳಲು ಹೋದೆ. "ಸಾವಿರ ಈಗಲೇ ಬೇಡ, ನಿನ್ನ ಆರುನೂರೇ ಸರಿಯಾಗಿಲ್ಲ" ಅಂದೆ. "ನಿನ್ ತಂಗಿ ಹೇಳ್ಕೊಟ್ಟಳಾ?" ಅಂತ ನಕ್ಕ. ನಾನು ಹೇಳಿದರೆ, ಬಿಲ್ಲೆ ತೆಗೆದು ತೋರಿಸಿದರೂ, ತಡೆಯಲು ಕಥೆ ಕಟ್ಟಿದ್ದೇನೆ ಅಂತಲೇ ತಿಳಿಯುತ್ತಾನೆ. ನಿನ್ನ ಅಕ್ಷರದಲ್ಲಿ ಬಂದರೆ ನಂಬುತ್ತಾನೆ.

ಬಿಲ್ಲೆ ಕಡೆದ ಕೈ ನನ್ನದು, ಅದಕ್ಕೆ ನಿನ್ನನ್ನು ದೂರುವುದಿಲ್ಲ. ಆದರೆ ಬರೆ.

ಅಣ್ಣ


ಏಪ್ರಿಲ್ ೧೩, ಸೋಮವಾರ

ನಿಮಗೆ,

ಇದನ್ನು ಫೋನಿನಲ್ಲಿ ಹೇಳಲು ನಿನ್ನೆಯಿಂದ ಮೂರು ಸಲ ಪ್ರಯತ್ನ ಮಾಡಿದೆ. ಮೂರು ಸಲವೂ ಮಗುವಿಗೆ ಹಲ್ಲು ಬಂದಿದೆ ಅಂತ ಹೇಳಿ ಇಟ್ಟೆ. "ಎಷ್ಟು ಸಲ ಹೇಳ್ತೀಯ, ಒಂದೇ ಹಲ್ಲು ತಾನೆ" ಅಂತ ನೀವು ನಕ್ಕಿರಿ. ಆದ್ದರಿಂದ ಬರೆಯುತ್ತಿದ್ದೇನೆ. ಕೂತು ಓದಿ.

ನಿಮ್ಮ ಆರುನೂರು ಆರುನೂರಲ್ಲ. ಅದರ ಗಾಳಿಯ ದಾರಿಯಲ್ಲಿ ನಾಲ್ಕು ಬಿಲ್ಲೆಗಳಿವೆ. ಜನವರಿಯಲ್ಲಿ ನಾನು ಅಣ್ಣನನ್ನು ಬೇಡಿಕೊಂಡು ಹಾಕಿಸಿದೆ. ಅದರ ಶಕ್ತಿ ತೊಂಬತ್ತಾರು. ಫೈಲಿನಲ್ಲಿರುವ ಕಾಗದ ಬೇರೆ ಗಾಡಿಯದು. ಅಣ್ಣ ಬೇಡ ಅನ್ನಬಹುದಿತ್ತು. ಅನ್ನಲಾಗದ ಹಾಗೆ ಬರೆದವಳು ನಾನು.

ನೀವು ನೇರದಲ್ಲಿ ಹಿಂದೆ ಬೀಳುತ್ತಿದ್ದುದು ನಿಮ್ಮ ತಪ್ಪಿನಿಂದಲ್ಲ. ನೀವು ಫೋನಿನಲ್ಲಿ ಬೇಜಾರು ಮಾಡಿಕೊಂಡಾಗ ನಾನು ಇಲ್ಲಿ ಸಂತೋಷಪಟ್ಟೆ. ನಿಮ್ಮ ಎಲುಬು ಮುರಿದದ್ದು ನನಗೆ ಗೊತ್ತು. ಅದನ್ನು ಮುರಿದವಳು ನಾನು ಅನ್ನುವುದೂ ಗೊತ್ತು. ಗೊತ್ತಿದ್ದೂ ಇನ್ನೂ ಹದಿನೈದು ದಿನ ಸುಮ್ಮನಿದ್ದೆ.

ಈಗ ಲೆಕ್ಕ. ನೀವು ನನ್ನ ಲೆಕ್ಕಕ್ಕೆ ಯಾವಾಗಲೂ ನಗುತ್ತೀರಿ. ನಕ್ಕರೂ ಪೂರ್ತಿ ಓದಿ. ಬಿಲ್ಲೆ ಇದ್ದಾಗ ನೀವು ನೇರದ ಕೊನೆಗೆ ಬರುವುದು ಗಂಟೆಗೆ ಇನ್ನೂರಿಪ್ಪತ್ತೆಂಟರಲ್ಲಿ ಅಂತ ನೀವೇ ಹೇಳಿದ್ದಿರಿ. ಬಿಲ್ಲೆ ತೆಗೆದರೆ ಇನ್ನೂರನಲವತ್ತು ದಾಟುತ್ತದೆ. ಹನ್ನೆರಡು ಕಿಲೋಮೀಟರ್ ತಾನೆ ಅನ್ನಬೇಡಿ. ಅಷ್ಟಕ್ಕೇ ಗಾಡಿ ನಿಧಾನವಾಗಲು ಇಪ್ಪತ್ತು ಮೀಟರ್ ಹೆಚ್ಚು ಬೇಕು. ಸಾವಿರದಲ್ಲಿ ಇನ್ನೂರ ಅರವತ್ತೈದು ಅಂದುಕೊಂಡರೆ ಅರವತ್ತು ಮೀಟರಿಗೂ ಹೆಚ್ಚು. ನೀವು ನೂರೈವತ್ತರ ಫಲಕ ದಾಟಿ ಬ್ರೇಕ್ ಹಿಡಿಯುತ್ತೀರಿ. ಆ ಅರವತ್ತು ಮೀಟರ್ ಎಲ್ಲಿಂದ ತರುತ್ತೀರಿ? ಅದು ತಿರುವಿನ ಆಚೆಯ ಜಲ್ಲಿಯಲ್ಲಿದೆ, ಗೋಡೆಯ ಕಡೆ.

ಗುರುವಾರ ಸಾವಿರಕ್ಕೆ ಹತ್ತಬೇಡಿ ಅಂತ ಹೇಳುವ ಹಕ್ಕು ನನಗೆ ಉಳಿದಿಲ್ಲ. ಹತ್ತುವ ಮುಂಚೆ ಅಣ್ಣನ ಕೈಯಲ್ಲಿ ಬಿಲ್ಲೆ ತೆಗೆಸಿ ನಿಮ್ಮ ಆರುನೂರನ್ನು ಒಮ್ಮೆ ಓಡಿಸಿ ನೋಡಿ. ಮೊದಲ ಸುತ್ತಿನಲ್ಲಿ ಇನ್ನೂರರ ಫಲಕಕ್ಕಿಂತ ಮುಂಚೆಯೇ ಬ್ರೇಕ್ ಹಿಡಿಯಿರಿ. ಇಷ್ಟು ಮಾಡಿ. ಆಮೇಲೆ ನನ್ನ ಜೊತೆ ಮಾತಾಡದಿದ್ದರೂ ಸರಿ.

ಡ್ರೈವರ್ ಬೆಳಿಗ್ಗೆ ಆರಕ್ಕೆ ಬರುತ್ತೇನೆ ಅಂದಿದ್ದಾನೆ. ನಾನು ಐದಕ್ಕೇ ಕೆಳಗಿನ ಗೇಟಿನ ಹತ್ತಿರ ನಿಲ್ಲುತ್ತೇನೆ. ಇದನ್ನು ಅವನ ಕೈಗಿಟ್ಟ ಮೇಲೆ ವಾಪಸ್ ಕೇಳುವಷ್ಟು ಹೊತ್ತು ನನಗೆ ಸಿಗದಿರಲಿ.

ನಿಮ್ಮ ಹೆಂಡತಿ


ಏಪ್ರಿಲ್ ೧೭

ನಿನ್ನ ಪತ್ರ ಬುಧವಾರ ಮಧ್ಯಾಹ್ನ ಸಿಕ್ಕಿತು. ಟೈರ್ ಇಳಿಸುವ ಕಡೆ ನಿಂತು ಓದಿದೆ. ಕೂತು ಓದಿ ಅಂದಿದ್ದೆ ನೀನು, ಕೂರಲು ಜಾಗ ಇರಲಿಲ್ಲ.

ನಿಮ್ಮಣ್ಣನ ಮುಂದೆ ಹಿಡಿದೆ. ಓದಲಿಲ್ಲ ಅವನು, ಓದುವ ಅಗತ್ಯವೇ ಇಲ್ಲದವನ ಹಾಗೆ ನೆಲ ನೋಡಿದ. ತೆಗಿ ಅಂದೆ. ತೆಗೆದು ನಾಲ್ಕನ್ನೂ ಬೆಂಚಿನ ಮೇಲೆ ಸಾಲಾಗಿ ಇಟ್ಟ. ಇಷ್ಟೇ ಇಷ್ಟು. ಎರಡು ತಿಂಗಳು ನಾನು ನನ್ನ ಮೈ ಸರಿಯಿಲ್ಲ, ನನಗೆ ವಯಸ್ಸಾಯಿತು, ನನ್ನ ಕೈಲಿ ಆಗುವುದಿಲ್ಲ ಅಂದುಕೊಂಡಿದ್ದೆ. ರಾತ್ರಿ ಮಲಗಿದಾಗ ಪಕ್ಕದ ಮಂಚದಲ್ಲಿ ಅವನು ಇರುತ್ತಿದ್ದ. ಒಂದು ಸಲವೂ ಹೇಳಲಿಲ್ಲ. ಈಗ ನಾನು ರೂಮು ಬದಲಾಯಿಸಿದ್ದೇನೆ. ಕೆಲಸದ ಮಾತು ಮಾತ್ರ ಆಡುತ್ತೇವೆ.

ಗುರುವಾರ ಬೆಳಿಗ್ಗೆ ಆರುನೂರು ತೆಗೆದುಕೊಂಡು ಹೋದೆ. ನೀನು ಬರೆದ ಹಾಗೆ ಇನ್ನೂರರ ಫಲಕಕ್ಕೆ ಮುಂಚೆ ಬ್ರೇಕ್ ಹಿಡಿಯಬೇಕು ಅಂತ ಮನಸ್ಸಿನಲ್ಲೇ ಹೇಳಿಕೊಂಡು ಹೋದೆ. ಹಿಡಿಯುವಷ್ಟರಲ್ಲಿ ಫಲಕ ಎಷ್ಟೋ ಹಿಂದೆ ಹೋಗಿತ್ತು. ಗಾಡಿ ಅಷ್ಟು ಬೇಗ ಅಲ್ಲಿಗೆ ಬಂದಿತ್ತು. ತಿರುವಿನ ಅಂಚಿನ ಬಿಳಿ ಗೆರೆ ದಾಟಿ, ಜಲ್ಲಿಗೆ ಒಂದು ಅಡಿ ಇರುವಾಗ ತಿರುಗಿತು. ಹಳೆಯ ಜಾಗದಲ್ಲಿ ಹಿಡಿದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ವಾಪಸ್ ಬಂದು ಹೆಲ್ಮೆಟ್ ತೆಗೆಯಲು ಹೋದರೆ ಬಕ್ಕಲ್ ಬೆರಳಿಗೆ ಸಿಗಲಿಲ್ಲ. ಕೈ ನಡುಗುತ್ತಿತ್ತು. ನನ್ನದು.

ಸಾವಿರ ಈ ವರ್ಷ ಬೇಡ ಅಂತ ಮಾಲೀಕರಿಗೆ ಹೇಳಿದೆ. ಯಾಕೆ ಅಂತ ಕೇಳಿದರು. ಹೇಳಲಿಲ್ಲ, ನಿಮ್ಮಣ್ಣನ ಕೆಲಸ ಹೋಗುತ್ತದೆ. ಇಪ್ಪತ್ತಾರರ ಭಾನುವಾರ ರೇಸ್ ಇದೆ. ಆರುನೂರಿನಲ್ಲಿ ಇಳಿಯುತ್ತೇನೆ, ಪೂರ್ತಿ ಆರುನೂರಿನಲ್ಲಿ.

ಕ್ಷಮಿಸಿದ್ದೇನೆ ಅಂತ ತಿಳಿಯಬೇಡ. ಅದಕ್ಕೆ ಎಷ್ಟು ದಿನ ಬೇಕೋ ನನಗೂ ಗೊತ್ತಿಲ್ಲ. ಒಂದು ಮಾತು. ಇನ್ನು ಮುಂದೆ ನಿನಗೆ ಹೆದರಿಕೆಯಾದರೆ ನನ್ನ ಹತ್ತಿರ ಹೇಳು. ಎಂಜಿನ್ ಹತ್ತಿರ ಹೇಳಬೇಡ.

ಮಗುವಿನ ಹಲ್ಲಿನ ಫೋಟೋ ಕಳಿಸು.

ನಾನು


ಏಪ್ರಿಲ್ ೨೧

ನಿಮಗೆ,

ಫೋಟೋ ಇಟ್ಟಿದ್ದೇನೆ. ಹಲ್ಲು ಸರಿಯಾಗಿ ಕಾಣುವುದಿಲ್ಲ, ತೆಗೆಯು‌ವಾಗ ಅವಳು ಅತ್ತೆಯ ಬೆರಳು ಕಚ್ಚುತ್ತಿದ್ದಳು.

ಹೆದರಿಕೆಯಾಗುತ್ತಿದೆ. ಹೇಳು ಅಂದಿರಲ್ಲ, ಹೇಳುತ್ತಿದ್ದೇನೆ. ಭಾನುವಾರಕ್ಕೆ ಇನ್ನೆಷ್ಟು ಗಂಟೆ ಅಂತ ಲೆಕ್ಕ ಹಾಕುತ್ತಿರುತ್ತೇನೆ. ಆ ಒಂದು ಅಡಿ ಎಷ್ಟು ಅಂತ ನೆಲದ ಮೇಲೆ ಟೇಪು ಹಾಸಿ ನೋಡಿದೆ. ನಿಮ್ಮ ಭುಜ ಪೂರ್ತಿ ವಾಸಿಯಾಗಿದೆ ಅಂತ ನನಗೆ ನಂಬಿಕೆಯಿಲ್ಲ. ನೀವೂ ಅಣ್ಣನೂ ಮಾತಾಡದೆ ಒಂದೇ ಗಾಡಿಯ ಎರಡು ಬದಿ ನಿಂತಿರುತ್ತೀರಿ ಅನ್ನುವುದು ಉಳಿದೆಲ್ಲಕ್ಕಿಂತ ಹೆದರಿಕೆ. ಅವನು ಬಿಗಿದ ಬೋಲ್ಟನ್ನು ನೀವು ನಂಬಿ ಕೂರಬೇಕು. ನಂಬಿ. ಅವನು ಇನ್ನು ಯಾರು ಕೇಳಿದರೂ, ನಾನು ಕಾಲಿಗೆ ಬಿದ್ದರೂ, ಅಂಥದ್ದು ಮಾಡುವುದಿಲ್ಲ.

ಈ ಸಾಲಿನ ಮೇಲೆ ಇಲ್ಲೊಂದು ಸಾಲು ಬರೆದು ಹೊಡೆದುಹಾಕಿದ್ದೇನೆ, ನೋಡಿರುತ್ತೀರಿ. ಬೇರೆ ಹಾಳೆ ತೆಗೆದುಕೊಂಡು ಶುದ್ಧವಾಗಿ ಬರೆಯಬಹುದಿತ್ತು. ಹಾಳೆ ಬೇಕಾದಷ್ಟಿದೆ. ಆದರೆ ಅದೂ ಮುಚ್ಚಿಟ್ಟಂತೆಯೇ ಆಗುತ್ತದೆ. ಬೆಳಕಿಗೆ ಹಿಡಿದರೆ ಗೀಟಿನ ಕೆಳಗೆ ಓದಬಹುದು: ಹೋಗಬೇಡಿ ಅಂತಿದೆ.

ಬರೆದವಳು ನಾನೇ. ಹೊಡೆದುಹಾಕಿದವಳೂ ನಾನೇ. ಎರಡೂ ನಿಮಗೆ ಗೊತ್ತಿರಲಿ.

ನಿಮ್ಮ ಹೆಂಡತಿ